ಓಟಕ್ಕೆ ಕಥೆಯ ಹಂಗೇಕೆ?

ಕಾರಹುಣ್ಣಿಮೆಯ ಸಂಜೆ ದೇವದುರ್ಗ ತಾಲ್ಲೂಕಿನ ನನ್ನ ಅಕ್ಕನ ಊರಿನಲ್ಲಿ ಕರಿ ಹರಿಯುತ್ತಾರೆ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿದ ಎತ್ತುಗಳನ್ನು ಊರ ಹೊರಗಿನಿಂದ ಅಗಸೆಯತ್ತ ಓಡಿಸಿಕೊಂಡು ಬರುತ್ತಾರೆ. ಅಗಸೆಗೆ ಅಡ್ಡಲಾಗಿ ಕಟ್ಟಿದ ಬೇವಿನ ಸೊಪ್ಪಿನ ಹಗ್ಗವನ್ನು ಮೊದಲು ಹರಿದದ್ದೇ ಗೆದ್ದ ಎತ್ತು. ಓಟ ಮುಗಿಯಲು ಒಂದು ನಿಮಿಷವೂ ಬೇಕಿಲ್ಲ. ಅದರ ಮಾತು ಮಾತ್ರ ಹಿಂಗಾರಿ ಬಿತ್ತನೆಯವರೆಗೂ ನಡೆಯುತ್ತದೆ. ಬಿಳಿ ಎತ್ತು ಮುಂದಾದರೆ ಬಿಳಿಜೋಳ ಚೆನ್ನಾಗಿ ಬರುತ್ತದೆ, ಕೆಂದೆತ್ತು ಮುಂದಾದರೆ ಕೆಂಪು ಧಾನ್ಯ ಕೈಹಿಡಿಯುತ್ತದೆ ಎಂಬುದು ನಂಬಿಕೆ. ಈ ಲೆಕ್ಕ ಊರಿಂದ ಊರಿಗೆ ಬದಲಾಗುವುದೂ ಉಂಟು. ಅಂತೂ ಆ ಒಂದು ನಿಮಿಷದ ಓಟದ ಹಿಂದೆ ಇಡೀ ವರ್ಷದ ಮಳೆಬೆಳೆ ನಿಂತಿರುತ್ತದೆ.

ಕಳೆದ ಬಾರಿ ಕರಿ ಹರಿದು ಮನೆಗೆ ಬಂದವನೇ, ಏಳನೆಯ ತರಗತಿಯ ನನ್ನ ಸೋದರಳಿಯ, ನಾನು ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪ್ ತೆರೆದು ಕುಳಿತ. ಅದರಲ್ಲಿ ನಾನು ಹಳೆಯ ಮೋಹದಿಂದ ಉಳಿಸಿಕೊಂಡಿದ್ದ ‘ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್’ ಎಂಬ 2005ರ ಕಾರ್ ರೇಸಿನ ಆಟವಿದೆ. ಆಟ ಶುರುವಾಗುವ ಮೊದಲು ಅದರಲ್ಲಿ ಸಿನಿಮಾದಂಥ ದೃಶ್ಯಗಳು ಬರುತ್ತವೆ. ನಟರು ಇಂಗ್ಲಿಷಿನಲ್ಲಿ ಬಿರುಸಾಗಿ ಮಾತನಾಡುತ್ತಾರೆ. ಹುಡುಗ ಅರ್ಧ ನಿಮಿಷ ನೋಡಿ ಬೇಸತ್ತ. ‘ಮಾಮಾ, ಇದನ್ನ ದಾಟ್ಸು. ಗಾಡಿ ಓಡ್ಸೋದು ಯಾವಾಗ ಬರ್ತದ?’

ಇದೂ ಒಂದು ಪತ್ರಿಕೆಯಲ್ಲಿ ಚರ್ಚಿಸಬೇಕಾದ ವಿಷಯವೇ ಎಂದು ಹಿರಿಯ ಓದುಗರು ಹುಬ್ಬೇರಿಸಬಹುದು. ನಮ್ಮ ಮಕ್ಕಳು ಅಜ್ಜಿಯ ಬಾಯಿಂದಲೋ ಪುಸ್ತಕದಿಂದಲೋ ಕಥೆ ಕೇಳುವ ಹೊತ್ತಿಗಿಂತ ಪರದೆಯ ಮುಂದೆ ಕೂರುವ ಹೊತ್ತು ಹೆಚ್ಚಾಗಿರುವಾಗ, ಆ ಪರದೆ ಅವರಿಗೆ ಯಾವ ಕಥೆ ಹೇಳುತ್ತಿದೆ, ಅವರು ಯಾವುದನ್ನು ದಾಟಿಸಿ ಮುಂದೆ ಹೋಗುತ್ತಿದ್ದಾರೆ ಎಂದು ನೋಡುವುದು ಅಪ್ರಸ್ತುತವೇನಲ್ಲ. ವೇಗವೇ ಸರ್ವಸ್ವವಾದ ಇಂಥ ಆಟಗಳಿಗೆ ಕಥೆ ಬೇಕೆ ಎಂಬ ವಾದ ಆಟಗಾರರ ನಡುವೆ ಬಹುಕಾಲದಿಂದ ನಡೆದಿದೆ.

ಈ ವಾದದಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ದುಡ್ಡಿನ ಮಾತು. ಆರ್ಕೇಡ್ ಎಂದರೆ ಮೂಲತಃ ನಾಣ್ಯ ಹಾಕಿ ಆಡುವ ಯಂತ್ರಗಳ ಅಂಗಡಿ. ಅಲ್ಲಿ ಒಂದು ನಾಣ್ಯಕ್ಕೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಆಟಗಾರನಿಗೆ ಆಟ ತಿಳಿಯಬೇಕು, ಮೈ ಜುಮ್ಮೆನ್ನಬೇಕು, ಸೋತು ಇನ್ನೊಂದು ನಾಣ್ಯಕ್ಕೆ ಜೇಬು ತಡಕಬೇಕು. ಅಲ್ಲಿ ಕಥೆಗೆ ಎಡೆಯೆಲ್ಲಿ? ಜಪಾನಿನ ನಾಮ್ಕೊ ಕಂಪನಿಯ 1982ರ ‘ಪೋಲ್ ಪೊಸಿಷನ್’ ಮೊದಲು ಅರ್ಹತಾ ಸುತ್ತು ಓಡಿಸಿ, ಅದರಲ್ಲಿ ಗೆದ್ದವನನ್ನಷ್ಟೇ ನಿಜವಾದ ಸ್ಪರ್ಧೆಗೆ ಬಿಡುತ್ತಿತ್ತು. ಅದಕ್ಕಿದ್ದ ಕಥೆ ಅಷ್ಟೇ.

1986ರಲ್ಲಿ ಸೆಗಾ ಕಂಪನಿಯ ಯು ಸುಜುಕಿ ರೂಪಿಸಿದ ‘ಔಟ್‌ರನ್’ ಇನ್ನಷ್ಟು ಜಾಣತನ ತೋರಿತು. ತೆರೆದ ಕೆಂಪು ಕಾರು, ಪಕ್ಕದಲ್ಲಿ ಒಬ್ಬ ಹುಡುಗಿ, ಹೊರಡುವ ಮೊದಲು ರೇಡಿಯೊದಲ್ಲಿ ಹಾಡು ಆರಿಸಿಕೊಳ್ಳುವ ಅವಕಾಶ. ಪ್ರತಿ ಹಂತದ ಕೊನೆಗೆ ದಾರಿ ಎರಡಾಗಿ ಕವಲೊಡೆಯುತ್ತದೆ. ಎಡವೋ ಬಲವೋ ನೀವೇ ನಿರ್ಧರಿಸಬೇಕು. ಐದು ಹಂತ ದಾಟಿದರೆ ಐದು ಊರುಕೊನೆಗಳಲ್ಲಿ ಒಂದನ್ನು ತಲಪುತ್ತೀರಿ. ಒಂದೊಂದಕ್ಕೂ ಒಂದೊಂದು ಪುಟ್ಟ ಮುಕ್ತಾಯ. ಒಂದು ಸಂಭಾಷಣೆಯಿಲ್ಲ, ಖಳನಾಯಕನಿಲ್ಲ. ಮೂಲೆಯಲ್ಲಿ ಇಳಿಯುತ್ತಿರುವ ಗಡಿಯಾರವೇ ಅಲ್ಲಿನ ಖಳ. ಆದರೂ ಆಡಿ ಎದ್ದವನಿಗೆ ಎಲ್ಲಿಗೋ ಹೋಗಿಬಂದ ಅನುಭವ. ಕಥೆ ಹೇಳದೆಯೇ ಪ್ರಯಾಣ ಮಾಡಿಸಿದ ಆಟವದು. ನಲವತ್ತು ವರ್ಷಗಳ ನಂತರವೂ ಅದನ್ನು ಮೀರಿಸಿದ ಸರಳತೆ ನನಗೆ ಕಂಡಿಲ್ಲ.

ರಾಯಚೂರಿನಲ್ಲಿ ನಾವು ಕಂಡದ್ದು ನಾಣ್ಯದ ಯಂತ್ರಗಳನ್ನಲ್ಲ, ಸೈಬರ್ ಕೆಫೆಗಳನ್ನು. ಮಾನ್ವಿಯಿಂದ ಕಾಲೇಜಿಗೆಂದು ದಿನವೂ ಬಸ್ಸಿನಲ್ಲಿ ಬರುತ್ತಿದ್ದ ನಾಲ್ವರು ಸಹಪಾಠಿಗಳು ತಲೆಗೆ ಐದೈದು ರೂಪಾಯಿ ಹಾಕಿ ಒಂದು ಗಂಟೆ ಕೊಳ್ಳುತ್ತಿದ್ದೆವು. ಒಬ್ಬೊಬ್ಬನಿಗೆ ಹದಿನೈದು ನಿಮಿಷ. ನಡುವೆ ಕರೆಂಟು ಹೋದರೆ ಅದೂ ಖೋತಾ. (ಪಕ್ಕದ ಶಕ್ತಿನಗರದಲ್ಲಿ ನಾಡಿಗೆಲ್ಲ ವಿದ್ಯುತ್ ಬೇಯುತ್ತಿತ್ತು ಎಂಬುದು ಆ ಕಾಲದ ನಮ್ಮ ಖಾಯಂ ವ್ಯಂಗ್ಯ.) ಇಂಥ ಹದಿನೈದು ನಿಮಿಷದಲ್ಲಿ ಎರಡು ನಿಮಿಷವನ್ನು ಯಾವುದೋ ನಟ ಮಾತನಾಡಿ ಕಳೆದರೆ ಅದು ಕಥೆಯಲ್ಲ, ಕಳ್ಳತನ. ದೃಶ್ಯ ಬಂದ ತಕ್ಷಣ ನಾಲ್ಕು ಬೆರಳು ಒಟ್ಟಿಗೆ ಕೀಲಿಮಣೆಯ ಮೇಲೆ ಬೀಳುತ್ತಿದ್ದವು. ನಮ್ಮ ಅಚ್ಚುಮೆಚ್ಚಿನ ಆಟ ‘ರೋಡ್ ರ‍್ಯಾಶ್’. ಬೈಕಿನ ಮೇಲೆ ಕುಳಿತು ಪಕ್ಕದವನಿಗೆ ಒದೆಯುವುದು, ಅವನ ಕೈಯ ಆಯುಧ ಕಸಿಯುವುದು, ಪೊಲೀಸರಿಗೆ ಸಿಕ್ಕರೆ ದಂಡ ಕಟ್ಟುವುದು. ಅದಕ್ಕೊಂದು ಕಥೆ ಇತ್ತೋ ಇಲ್ಲವೋ ನಾವು ಕೇಳಿದವರಲ್ಲ.

ಆದರೆ ಕಥೆ ನಿಜಕ್ಕೂ ಹುಟ್ಟುತ್ತಿದ್ದದ್ದು ವಾಪಸು ಬರುವ ಬಸ್ಸಿನಲ್ಲಿ. ಕಲ್ಲೂರು ದಾಟುವ ಹೊತ್ತಿಗೆ ಆ ಬೈಕ್ ಸವಾರರಿಗೆಲ್ಲ ನಮ್ಮ ಮೇಷ್ಟರುಗಳ, ಸಾಲ ಕೇಳುವ ನೆರೆಯವರ ಹೆಸರು ಬಿದ್ದಿರುತ್ತಿತ್ತು. ಯಾರು ಯಾರನ್ನು ಒದ್ದು ಬೀಳಿಸಿದರು, ಏಕೆ ಬೀಳಿಸಿದರು, ಹಳೆಯ ಹಗೆ ಯಾವುದು ಎಂಬ ಪುರಾಣ ನೀರಮಾನ್ವಿಯ ಗುಡ್ಡ ಕಾಣುವಷ್ಟರಲ್ಲಿ ಮುಕ್ಕಾಲು ಪಾಲು ಕಟ್ಟಿ ಮುಗಿಯುತ್ತಿತ್ತು. ಆಟ ಬಿಟ್ಟುಕೊಟ್ಟ ಖಾಲಿ ಜಾಗವನ್ನು ನಾವು ತುಂಬಿಕೊಂಡೆವು. ಹೀಗಾಗಿ ‘ಕಥೆ ಬೇಡ’ ಎನ್ನುವವರ ಪಕ್ಷಕ್ಕೆ ನಾನು ಸಹಜವಾಗಿಯೇ ಸೇರಿದವನು.

ಪೂರ್ತಿ ಸೇರಲಾಗದಂತೆ ತಡೆದದ್ದು ಅದೇ 2005ರ ಆಟ. ಅದರ ಕಥೆ ಬಹಳ ಸರಳ. ನಾಯಕ ರಾಕ್‌ಪೋರ್ಟ್ ಎಂಬ ಊರಿಗೆ ತನ್ನ ಬಿಎಂಡಬ್ಲ್ಯು ಕಾರಿನಲ್ಲಿ ಬರುತ್ತಾನೆ. ರೇಜರ್ ಎಂಬುವನು ಮೋಸದಿಂದ ಆ ಕಾರು ಕೆಡುವಂತೆ ಮಾಡಿ, ಪಂದ್ಯ ಗೆದ್ದು, ಕಾರನ್ನೇ ಕಿತ್ತುಕೊಳ್ಳುತ್ತಾನೆ. ಅದೇ ಕಾರಿನಿಂದ ಗೆಲ್ಲುತ್ತ ಹದಿನೈದು ಮಂದಿಯ ಪಟ್ಟಿಯ ತುದಿಗೇರಿ ಕೂರುತ್ತಾನೆ. ನಾಯಕ ಒಬ್ಬೊಬ್ಬರನ್ನೇ ಸೋಲಿಸುತ್ತ ಮೇಲೇರಿ ತನ್ನ ಕಾರನ್ನು ಬಿಡಿಸಿಕೊಳ್ಳಬೇಕು. ನಟನೆ ನಾಟಕೀಯ, ಸಂಭಾಷಣೆ ಸಾಧಾರಣ. ಆದರೆ ಕನ್ನಡದ ಓದುಗನಿಗೆ ಇದು ಎಲ್ಲೋ ಕೇಳಿದ ಕಥೆಯಲ್ಲವೇ? ಇದು ಅಪ್ಪಟ ತುರುಗೋಳು. ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಮಡಿದವರ ನೆನಪಿಗೆ ಈ ನಾಡಿನಲ್ಲಿ ಎಷ್ಟೊಂದು ವೀರಗಲ್ಲುಗಳಿವೆ! ವಿರಾಟನಗರಿಯ ಗೋಗ್ರಹಣವೂ ಅದೇ. ಮಳೆ ತಡವಾದಾಗ ನಮ್ಮ ಹಳ್ಳಿಗಳಲ್ಲಿ ಓದಿಸುತ್ತಿದ್ದ ವಿರಾಟಪರ್ವದಲ್ಲಿ ಉತ್ತರಕುಮಾರನ ರಥ ಎಷ್ಟು ವೇಗವಾಗಿ ಓಡಿತೆಂದು ಯಾರಿಗೂ ನೆನಪಿಲ್ಲ. ಹೊರಡುವ ಮುಂಚೆ ಅವನು ಕೊಚ್ಚಿಕೊಂಡದ್ದು, ಕೌರವ ಸೇನೆ ಕಂಡೊಡನೆ ರಥದಿಂದ ಹಾರಿ ಓಡಿದ್ದು ಮಾತ್ರ ಅಕ್ಷರ ಬಾರದವರಿಗೂ ನೆನಪಿದೆ.

ಅದೇ ‘ಮೋಸ್ಟ್ ವಾಂಟೆಡ್’ ಹೆಸರಿನಲ್ಲಿ 2012ರಲ್ಲಿ ಕ್ರೈಟೀರಿಯನ್ ಎಂಬ ಬ್ರಿಟಿಷ್ ಸಂಸ್ಥೆ ಇನ್ನೊಂದು ಆಟ ರೂಪಿಸಿತು. ಕಥೆಯನ್ನು ಪೂರ್ತಿ ಕೈಬಿಟ್ಟಿತು. ಊರ ತುಂಬ ಅಲ್ಲಲ್ಲಿ ನಿಲ್ಲಿಸಿದ ಕಾರುಗಳು. ಕಂಡದ್ದನ್ನು ಹತ್ತಿ ಓಡಿಸಬಹುದು. ಸೋಲಿಸಬೇಕಾದ ಪಟ್ಟಿ ಇತ್ತು. ಆದರೆ ಅದರಲ್ಲಿದ್ದದ್ದು ಮನುಷ್ಯರಲ್ಲ, ಹತ್ತು ಕಾರುಗಳು. ಓಡಿಸುವ ಸುಖ ಹಳೆಯದಕ್ಕಿಂತ ಹೆಚ್ಚೇ. ಆದರೂ ಅದನ್ನು ಆಡಿ ಎದ್ದಾಗ ಯಾರನ್ನೂ ಗೆದ್ದಂತೆ ಅನಿಸಲಿಲ್ಲ. ಇದು ನನ್ನೊಬ್ಬನ ಕೊರಗಲ್ಲ. ಹಳೆಯ ಆಟದ ಅಭಿಮಾನಿಗಳು ಇಂದಿಗೂ ಹೇಳುವ ದೂರು ಇದೇ. ಹಾಗೆಂದು ಕಥೆ ಹೆಚ್ಚಿದಷ್ಟೂ ಒಳ್ಳೆಯದು ಎನ್ನುವಂತೆಯೂ ಇಲ್ಲ. 2011ರ ‘ನೀಡ್ ಫಾರ್ ಸ್ಪೀಡ್: ದ ರನ್’ ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕಿನವರೆಗೆ ಓಡಿಸುವ ಭರ್ಜರಿ ಕಥೆ ಕಟ್ಟಿತು. ನಡುನಡುವೆ ನಾಯಕನನ್ನು ಕಾರಿನಿಂದ ಇಳಿಸಿ, ಓಡುವಾಗ ಹೊಡೆದಾಡುವಾಗ ಸರಿಯಾದ ಗುಂಡಿ ಒತ್ತಿರೆಂದಿತು. ಕಾರು ಓಡಿಸಲು ಬಂದವನನ್ನು ಕಾಲ್ನಡಿಗೆಗೆ ಇಳಿಸಿದರೆ ಹೇಗೆ?

ಹಾಗಾದರೆ 2005ರ ಆಟದಲ್ಲಿ ಇದ್ದು 2012ರದರಲ್ಲಿ ಇಲ್ಲದ್ದು ಏನು? ಸಂಭಾಷಣೆಯಲ್ಲ, ಅದನ್ನಂತೂ ನಾವು ಕೇಳಿಯೇ ಇರಲಿಲ್ಲ. ಎದುರಾಳಿಗೊಂದು ಹೆಸರು, ಸೋತರೆ ಏನು ಹೋಗುತ್ತದೆ ಎಂಬ ಅರಿವು. ಒಂದೇ ಮಾತಿನಲ್ಲಿ, ಪಣ. ಕರಿ ಹರಿಯುವ ಎತ್ತಿಗೆ ಯಾರೂ ಕಥೆ ಹೇಳುವುದಿಲ್ಲ. ಅಗಸೆಯಲ್ಲಿ ನಿಂತವನಿಗೆ ಮಾತ್ರ ತನ್ನ ಹೊಲದಲ್ಲಿ ಯಾವ ಬೀಜ ಹಾಕಿದ್ದೇನೆಂದು ಗೊತ್ತಿರುತ್ತದೆ. ಓಟಕ್ಕೆ ಬೇಕಾದದ್ದು ಅಷ್ಟು. ಆ ಅಷ್ಟನ್ನು ಕೊಡಲು ಕೆಲವೊಮ್ಮೆ ಒಂದು ಸಾಲಿನ ಕಥೆ ಸಾಕು, ಕೆಲವೊಮ್ಮೆ ‘ಔಟ್‌ರನ್’ನಂತೆ ಕವಲೊಡೆದ ದಾರಿಯೇ ಸಾಕು.

ಇಂದಿನ ಮೊಬೈಲ್ ಆಟಗಳ ಬಗ್ಗೆ ನನಗಿರುವ ಆತಂಕ ಇಲ್ಲಿಂದಲೇ ಹುಟ್ಟಿದ್ದು. ಫಿನ್ಲೆಂಡಿನಿಂದ 2012ರಲ್ಲಿ ಬಂದ ‘ಹಿಲ್ ಕ್ಲೈಂಬ್ ರೇಸಿಂಗ್’ ನಮ್ಮ ಕಡೆಯ ಹಳ್ಳಿಹಳ್ಳಿಯ ಮಕ್ಕಳ ಕೈಯಲ್ಲೂ ಕುಣಿದಿದೆ. ಗುಡ್ಡ, ಡಬ್ಬದಂಥ ಜೀಪು, ಖಾಲಿಯಾಗುತ್ತಿರುವ ಇಂಧನ. ಪಣ ಸ್ಪಷ್ಟ, ಕಥೆ ಇಲ್ಲ, ಆಟ ಸೊಗಸು. ಆದರೆ ಈ ಜಾತಿಯ ಬಹುಪಾಲು ಉಚಿತ ಆಟಗಳಲ್ಲಿ ಎರಡು ಓಟದ ನಡುವೆ ಹಿಂದೆ ಕಥೆ ಕೂರುತ್ತಿದ್ದ ಜಾಗದಲ್ಲಿ ಈಗ ಜಾಹೀರಾತು ಕುಳಿತಿದೆ. ‘ಇನ್ನಷ್ಟು ವೇಗ ಬೇಕೆ? ಕಾಯಿರಿ, ಇಲ್ಲವೇ ಕಾಸು ಕೊಡಿ.’ ಮಾನ್ವಿ ಜಗನ್ನಾಥದಾಸರ ಊರು; ಹರಿಕಥೆ ಕೇಳಿ ಬೆಳೆದವರು ನಾವು. ದಾಸರು ಮಂಗಳಾರತಿ ತಟ್ಟೆ ಕಳಿಸುತ್ತಿದ್ದದ್ದು ಕಥೆ ಮುಗಿದ ಮೇಲೆ. ಇಲ್ಲಿ ತಿರುವಿಗೊಮ್ಮೆ ತಟ್ಟೆ ಬರುತ್ತದೆ, ಕಥೆ ಬರುವುದೇ ಇಲ್ಲ. ಮಗು ದಾಟಿಸಲಾಗದ್ದು ಅದೊಂದನ್ನೇ. ಪಣ ಎದುರಾಳಿಯ ಕಡೆಯಿಂದ ಅಪ್ಪನ ಖಾತೆಯ ಕಡೆಗೆ ಸರಿದಿರುವುದನ್ನು ಗಮನಿಸಬೇಕಾದವರು ಕಥೆ-ವೇಗಗಳ ಜಗಳದಲ್ಲಿ ಮುಳುಗಿದ್ದಾರೆ.

ಇನ್ನೊಂದು ಮಾತು. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಸ್ಥಾಪಿಸಿದ ‘ಧ್ರುವ ಇಂಟರ್‌ಆ್ಯಕ್ಟಿವ್’ ಜಗತ್ತಿನ ದೊಡ್ಡ ಕಂಪನಿಗಳ ಆಟಗಳಿಗೆ ಚಿತ್ರ ರಚಿಸಿಕೊಟ್ಟ ಸಂಸ್ಥೆ. ಪ್ರಸಿದ್ಧ ‘ಫೋರ್ಜಾ’ ರೇಸ್ ಸರಣಿಗೂ ಅದರ ಕಲಾವಿದರು ದುಡಿದಿದ್ದಾರೆ. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ಕಾರು ಬಿಡಿಸುವ ಕೈ ನಮ್ಮಲ್ಲಿಯೇ ಇತ್ತು. ಆ ಕಾರು ಓಡಿದ ದಾರಿಗಳು ಮಾತ್ರ ಬ್ರಿಟನ್ನಿನವು, ಮೆಕ್ಸಿಕೊದವು. ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಹತ್ತಿ ಹೇರಿದ ಲಾರಿ ಅಡ್ಡ ಬಂದದ್ದನ್ನೋ, ಮಾನ್ವಿಯ ಕಾಲುವೆ ಪಕ್ಕದಲ್ಲಿ ಭತ್ತದ ಹುಲ್ಲಿನ ಟ್ರ್ಯಾಕ್ಟರು ರಸ್ತೆಯಷ್ಟೇ ಅಗಲವಾಗಿ ಸಾಗುವುದನ್ನೋ ತಪ್ಪಿಸಿ ಓಡಿಸುವ ಒಂದು ಆಟ ಬಂದರೆ ನನ್ನ ಸೋದರಳಿಯನಿಗೆ ಯಾರೂ ಕಥೆ ಹೇಳಬೇಕಾಗಿಲ್ಲ. ಕಥೆ ಆ ದಾರಿಯಲ್ಲಿಯೇ ಬಿದ್ದಿದೆ.

ಕಾರಹುಣ್ಣಿಮೆಯ ಆಸುಪಾಸಿನಲ್ಲಿ ರಾಯಚೂರಿನಲ್ಲಿ ಮುಂಗಾರು ಹಬ್ಬ ನಡೆಯುತ್ತದೆ. ಎತ್ತಿನ ಜೋಡಿಗಳು ಟನ್‌ಗಟ್ಟಲೆ ತೂಕದ ಕಲ್ಲನ್ನು ಎಳೆಯುತ್ತವೆ. ನಿಗದಿತ ಸಮಯದಲ್ಲಿ ಹೆಚ್ಚು ದೂರ ಎಳೆದ ಜೋಡಿಗೆ ಬಹುಮಾನ. ಆ ಸಲ ಹುಡುಗನನ್ನು ಅದಕ್ಕೆಂದು ಕರೆದುಕೊಂಡು ಹೋಗಿದ್ದೆ. ಮರಳುವಾಗ ಬಸ್ ನಿಲ್ದಾಣದ ಸಮೀಪದ ಕೋಟೆ ಗೋಡೆಯ ಬಳಿ ನಿಲ್ಲಿಸಿದೆ. ಅಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ತೆಲುಗು ಶಾಸನ. ಕಾಕತೀಯರ ಸೇನಾನಿ ವಿಠ್ಠಲನಾಥ ಆದವಾನಿ, ಮಾನುವ ಮೊದಲಾದ ಕೋಟೆಗಳನ್ನು ಗೆದ್ದು ರಾಯಚೂರನ್ನು ಹೊಕ್ಕು ಈ ಗೋಡೆ ಕಟ್ಟಿಸಿದ ಎಂದು ಅದು ಹೇಳುತ್ತದೆ. ಮಾನುವ ಎಂದರೆ ನಮ್ಮ ಮಾನ್ವಿ. ಗೆದ್ದವರ ಪಟ್ಟಿ ಬರೆಯುವ ಚಾಳಿ ಹೊಸದೇನಲ್ಲ ಎಂದು ನಾನು ವಿವರಿಸತೊಡಗಿದೆ.

ಹುಡುಗ ಶಾಸನದತ್ತ ನೋಡಲಿಲ್ಲ. ಅದೇ ಗೋಡೆಯ ಮೇಲೆ ಆ ಕಲ್ಲನ್ನು ಹೇಗೆ ತಂದರೆಂಬುದರ ಚಿತ್ರವೂ ಕೆತ್ತಿದೆ. ಗಾಡಿಯ ಮೇಲೆ ಕಲ್ಲು, ಮುಂದೆ ಉದ್ದಕ್ಕೆ ಹೂಡಿದ ಕೋಣಗಳ ಸಾಲು, ನಡುನಡುವೆ ಅವನ್ನು ಹುರಿದುಂಬಿಸುವ ಆಳುಗಳು, ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವವರು. ಕತ್ತೆತ್ತಿ ಕೋಣಗಳನ್ನು ಎಣಿಸುತ್ತಿದ್ದವನು ಒಮ್ಮೆ ನಿಂತು ಕೇಳಿದ: ‘ಮಾಮಾ, ಇಷ್ಟ್ ದೊಡ್ಡ ಕಲ್ಲು ಎಲ್ಲಿಂದ ಎಳ್ಕೊಂಡು ಬಂದ್ರು? ನಡುದಾರ್‍ಯಾಗ ಗಾಡಿ ಮುರೀಲಿಲ್ಲೇನು?’ ದೇವದುರ್ಗದ ಬಸ್ಸಿಗೆ ಹೊತ್ತಾಗಿತ್ತು. ನಾನು ಉತ್ತರ ಹುಡುಕುವಷ್ಟರಲ್ಲಿ ಅವನು, ಎಣಿಕೆ ತಪ್ಪಿತೆಂದು, ಮತ್ತೆ ಮೊದಲ ಕೋಣದಿಂದ ಶುರುಮಾಡಿದ್ದ.