ಮೆದುಳಿನ ಆಪರೇಷನ್ ಆದ ಮೇಲೆ ಗೀಳು ಏಕೆ?

ಪ್ರಶ್ನೆ: ಮೆದುಳಿನ ಗಡ್ಡೆ ತೆಗೆಸಿಕೊಂಡ ಮೇಲೆ ನಮ್ಮಣ್ಣ ಪದೇ ಪದೇ ಕೈ ತೊಳೆಯುತ್ತಾನೆ, ಚಿಲಕ ನೋಡುತ್ತಾನೆ. ಗಾಳಿ ಸೋಕಿದೆಯೇ?
– ಓದುಗರೊಬ್ಬರು, ಶಾಗ್ಯ, ಹನೂರು ತಾಲ್ಲೂಕು

ಉತ್ತರ: ಗಾಳಿಯಲ್ಲ, ಹಟವೂ ಅಲ್ಲ. ಹಣೆಯ ಹಿಂದಿನ ಮೆದುಳು, ಒಳಗಿನ ಕಾಡೇಟ್, ಥಾಲಮಸ್ ಎಂಬ ಭಾಗಗಳನ್ನು ಬೆಸೆಯುವ ನರಜಾಲ ಸರಿಯಿದ್ದರೆ ‘ಚಿಲಕ ಹಾಕಿದೆ, ಸಾಕು’ ಎಂಬ ಸಮಾಧಾನ ಮೂಡುತ್ತದೆ. ಗಡ್ಡೆಯಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಅದಕ್ಕೆ ಪೆಟ್ಟಾದರೆ, ಅಪರೂಪಕ್ಕೆ, ಹೀಗೆ ಮಾಡಿದ್ದನ್ನೇ ಮಾಡುವ ಗೀಳು ಹುಟ್ಟಬಹುದು. ಅಚ್ಚರಿಯೆಂದರೆ, ಇದೇ ಜಾಲಕ್ಕೆ ವಿದ್ಯುತ್ ಹರಿಸಿ ತೀವ್ರ ಗೀಳನ್ನು ತಗ್ಗಿಸುವ ಶಸ್ತ್ರಚಿಕಿತ್ಸೆಗೆ ಅಮೆರಿಕ 2009ರಲ್ಲಿ ಸೀಮಿತ ಅನುಮತಿ ಕೊಟ್ಟಿತು.

ದಯವಿಟ್ಟು ಅಣ್ಣನನ್ನು ಬೈಯಬೇಡಿ. ಮೊದಲು ಆಪರೇಷನ್ ಮಾಡಿದ ವೈದ್ಯರಿಗೆ ತಿಳಿಸಿ. ಮಾತ್ರೆ, ವರ್ತನಾ ಚಿಕಿತ್ಸೆ ಎರಡೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಕ್ಲಿನಿಕ್ ಇದೆ. ಊರಿನಿಂದಲೇ ಕನ್ನಡದಲ್ಲಿ ಕೇಳಲು ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಉಚಿತ.