ಸೋರುವ ಗಾಳಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಈ ಐದು ತಾಲ್ಲೂಕುಗಳಲ್ಲಿ ಒಂದು ಬೇಸಗೆಯನ್ನಾದರೂ ಕಳೆದವರಿಗೆ ಬಿಸಿಲೆಂದರೇನೆಂಬುದನ್ನು ನಾವು ಬಣ್ಣಿಸಬೇಕಾದ ಅಗತ್ಯವಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ ೪೦ ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವುದು ಇಲ್ಲಿ ಅಪರೂಪದ ಸಂಗತಿಯಲ್ಲ. ೨೦೨೧ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆ ರೂಪುಗೊಂಡಾಗ ಈ ಐದು ತಾಲ್ಲೂಕುಗಳೂ ಅದಕ್ಕೆ ಸೇರಿದವು. ಜಿಲ್ಲೆಯ ಹೆಸರು ಬದಲಾಯಿತೇ ಹೊರತು ಬಿಸಿಲು ಬದಲಾಗಲಿಲ್ಲ. ಹಿಂದಿನವರು ದಪ್ಪ ಗೋಡೆಯ ಮಾಳಿಗೆ ಮನೆಗಳನ್ನು ಕಟ್ಟಿ, ಮೇಲೆ ಮಣ್ಣು ಹೊದಿಸಿ, ಗವಾಕ್ಷಿಯಿಂದ ಬೆಳಕನ್ನೂ ಗಾಳಿಯನ್ನೂ ಬೇಕಾದಷ್ಟೇ ಒಳಕ್ಕೆ ಬಿಟ್ಟುಕೊಂಡು ಈ ಬಿಸಿಲಿಗೆ ಉತ್ತರ ಹೇಳಿದ್ದರು. ಈಗ ಕಟ್ಟುತ್ತಿರುವುದು ಸಿಮೆಂಟಿನ ತಾರಸಿ. ಅದರ ಕೆಳಗೆ ಜನ ಸೇರುವ ಕಲ್ಯಾಣಮಂಟಪ, ಆಸ್ಪತ್ರೆ, ಬ್ಯಾಂಕುಗಳಿಗೆ ತಂಪನ್ನು ಯಂತ್ರದಿಂದ ತರಬೇಕಾಗಿದೆ.

ಇಂಥದೊಂದು ಕಲ್ಯಾಣಮಂಟಪಕ್ಕೆ ವೈಶಾಖದ ಮದುವೆಯೊಂದರ ನಿಮಿತ್ತ ನಾವು ಹೋಗಿದ್ದೆವು. ಊರಿನ ಹೆಸರು ಬೇಡ. ಮಂಟಪಕ್ಕೆ ಹವಾನಿಯಂತ್ರಣವಿದೆಯೆಂದು ಲಗ್ನಪತ್ರಿಕೆಯಲ್ಲಿಯೇ ಅಚ್ಚಾಗಿತ್ತು. ಆದರೂ ಅಕ್ಷತೆಯ ಹೊತ್ತಿಗೆ ಬಂಧುಗಳೆಲ್ಲರೂ ಅದೇ ಲಗ್ನಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಊಟವಾದ ಮೇಲೆ ಕುತೂಹಲದಿಂದ ತಾರಸಿಯನ್ನು ಹತ್ತಿ ನೋಡಿದೆವು. ಯಂತ್ರ ಸರಿಯಾಗಿಯೇ ನಡೆಯುತ್ತಿತ್ತು. ಅದರಿಂದ ಹೊರಟ ತಗಡಿನ ಚೌಕನೆಯ ಗಾಳಿನಾಳ, ಕೆಲಸಗಾರರು ಡಕ್ಟ್ ಎನ್ನುವುದು, ತಾರಸಿಯುದ್ದಕ್ಕೂ ಮಲಗಿತ್ತು. ಎರಡು ತುಂಡುಗಳು ಕೂಡುವ ಕಡೆ ಕೈಯಿಟ್ಟರೆ ಹಿತವಾದ ತಣ್ಣನೆಯ ಗಾಳಿ ತಾಗಿತು. ಮುಂದಿನ ಕೂಡಿನಲ್ಲಿಯೂ ಅದೇ. ಮೂರನೆಯದರ ಬಳಿ ನಾಲ್ಕಾರು ಪಾರಿವಾಳಗಳು ಕುಳಿತಿದ್ದವು. ನಾವು ಸಮೀಪಿಸಿದರೂ ಅವು ಅಲ್ಲಿಂದ ಏಳಲು ಒಪ್ಪಲಿಲ್ಲ. ಆ ಮದುವೆಯಲ್ಲಿ ಹವಾನಿಯಂತ್ರಣದ ಸುಖವನ್ನು ನಿಜವಾಗಿ ಅನುಭವಿಸಿದವು ಅವೇ ಇರಬೇಕು.

ಒಂದು ಕೂಡಿನ ಸಂದಿಯಿಂದ ಎಷ್ಟು ಗಾಳಿ ಹೋದೀತು ಎಂದು ವಾಚಕರು ಕೇಳಬಹುದು. ಗಾಳಿನಾಳದೊಳಗಿನ ಒತ್ತಡ ನಿಜಕ್ಕೂ ಅತ್ಯಲ್ಪವಾದುದು. ಯು ಆಕಾರದ ಗಾಜಿನ ಕೊಳವೆಯಲ್ಲಿ ನೀರು ತುಂಬಿ ಒಂದು ತುದಿಯನ್ನು ನಾಳಕ್ಕೆ ಜೋಡಿಸಿದರೆ ಎರಡು ಕಡೆಯ ನೀರಿನ ಮಟ್ಟದಲ್ಲಿ ಸುಮಾರು ೧೦ ಮಿಲಿಮೀಟರ್ ವ್ಯತ್ಯಾಸ ಕಂಡೀತು. ಗಾಳಿ ತುಂಬಿದ ಸೈಕಲ್ ಟ್ಯೂಬಿನ ಒತ್ತಡದ ಮುಂದೆ ಇದು ಸುಮಾರು ಮೂರು ಸಾವಿರದಲ್ಲೊಂದು ಪಾಲು. ಆದರೆ ಗಾಳಿಯು ನೀರಿನಂತೆ ಭಾರವಾದ ವಸ್ತುವಲ್ಲ. ಅದನ್ನು ಓಡಿಸಲು ದೊಡ್ಡ ಬಲ ಬೇಕಿಲ್ಲ. ಒತ್ತಡದ ಎರಡು ಪಟ್ಟನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಬಿರುಕಿನಿಂದ ಚಿಮ್ಮುವ ಗಾಳಿಯ ವೇಗ ದೊರೆಯುತ್ತದೆ. ೧೦ ಮಿಲಿಮೀಟರ್ ನೀರಿನ ಒತ್ತಡವೆಂದರೆ ಸುಮಾರು ೧೦೦ ಪ್ಯಾಸ್ಕಲ್; ಈ ಪ್ರದೇಶದ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು ೧.೧ ಕಿಲೋಗ್ರಾಂ. ಲೆಕ್ಕ ಹಾಕಿದರೆ ವೇಗವು ಸೆಕೆಂಡಿಗೆ ೧೩ ಮೀಟರಿಗೂ ಮಿಗಿಲಾಗುತ್ತದೆ, ಅಂದರೆ ಗಂಟೆಗೆ ಸುಮಾರು ೪೮ ಕಿಲೋಮೀಟರ್! ನಮ್ಮ ರಸ್ತೆಗಳಲ್ಲಿ ಬಸ್ಸುಗಳೂ ಇಷ್ಟು ವೇಗವಾಗಿ ಓಡುವುದು ಕಷ್ಟ.

ಇನ್ನು ಬಿರುಕಿನ ವಿಸ್ತೀರ್ಣ. ನಾಳದ ಸುತ್ತಳತೆ ೨ ಮೀಟರ್ ಎಂದಿಟ್ಟುಕೊಳ್ಳೋಣ. ಒಂದು ಕೂಡಿನಲ್ಲಿ ಸುತ್ತಲೂ ಒಂದು ಮಿಲಿಮೀಟರ್ ಸಂದಿ ಇದ್ದರೆ – ನಾಲ್ಕಾರು ಅಂಚೆಕಾರ್ಡುಗಳನ್ನು ಒತ್ತಿ ಹಿಡಿದಷ್ಟು ದಪ್ಪ, ಅಷ್ಟೇ – ಒಟ್ಟು ೨೦ ಚದರ ಸೆಂಟಿಮೀಟರ್ ಕಿಂಡಿಯಾಯಿತು. ಅಂಚು ಚೂಪಾದ ಕಿಂಡಿಯಿಂದ ಹೊರಬರುವ ಧಾರೆ ಸಂಕೋಚಗೊಳ್ಳುವುದರಿಂದ ಲೆಕ್ಕದಲ್ಲಿ ಬಂದುದರ ಹತ್ತರಲ್ಲಿ ಆರು ಪಾಲನ್ನು ಮಾತ್ರ ಹಿಡಿಯಬೇಕು. ಹಾಗೆ ಹಿಡಿದರೂ ಸೆಕೆಂಡಿಗೆ ಸುಮಾರು ೧೬ ಲೀಟರ್ ಗಾಳಿ ಒಂದೇ ಕೂಡಿನಿಂದ ಹೋಗುತ್ತದೆ. ಇಂಥ ಹದಿನೈದು ಕೂಡುಗಳಿದ್ದರೆ ೨೪೦ ಲೀಟರ್. ಸೆಕೆಂಡಿಗೆ ೨ ಘನಮೀಟರ್, ಅಂದರೆ ೨೦೦೦ ಲೀಟರ್ ಗಾಳಿ ಊದುವ ಯಂತ್ರವಾದರೆ ಅದರ ಶೇಕಡ ೧೨ ಭಾಗ ದಾರಿಯಲ್ಲಿಯೇ ಖರ್ಚು. ಕವಲುಗಳೂ ತಿರುವುಗಳೂ ಹೆಚ್ಚಿದಷ್ಟು ಸೋರಿಕೆಯೂ ಹೆಚ್ಚು. ಮನೆಮನೆಗೂ ಇಂಥ ನಾಳಗಳಿರುವ ಅಮೆರಿಕದಲ್ಲಿ, ಸಾಮಾನ್ಯ ಮನೆಯೊಂದರ ನಾಳಗಳಿಂದ ಶೇಕಡ ೨೦ರಿಂದ ೩೦ರಷ್ಟು ಗಾಳಿ ವ್ಯರ್ಥವಾಗುತ್ತದೆಯೆಂದು ಅಲ್ಲಿನ ಸರ್ಕಾರದ ಇಂಧನ ಉಳಿತಾಯ ಕಾರ್ಯಕ್ರಮವೇ ಹೇಳಿದೆ.

ಶೇಕಡ ೨೦ ಸೋರಿದರೆ ಶೇಕಡ ೨೦ ನಷ್ಟವೆಂದು ತಿಳಿಯುವುದು ಸಹಜ. ಆದರೆ ಅದು ತಪ್ಪು. ಈ ತಪ್ಪಿನಲ್ಲಿಯೇ ವಿಷಯದ ಸ್ವಾರಸ್ಯವೆಲ್ಲ ಅಡಗಿದೆ. ಯಂತ್ರವು ೨೬ ಡಿಗ್ರಿಯ ಗಾಳಿಯನ್ನು ಸಭಾಂಗಣದಿಂದ ಎಳೆದುಕೊಂಡು ೧೪ ಡಿಗ್ರಿಗೆ ತಣಿಸಿ ಹಿಂದಕ್ಕೆ ಕಳುಹಿಸುತ್ತಿದೆಯೆನ್ನೋಣ. ಸೆಕೆಂಡಿಗೆ ೨ ಘನಮೀಟರ್, ೧೨ ಡಿಗ್ರಿ ಇಳಿತ. ಯಂತ್ರ ಮಾಡುವ ಕೆಲಸ ಸುಮಾರು ೨೬ ಕಿಲೋವಾಟ್. ಐದರಲ್ಲೊಂದು ಪಾಲು ತಾರಸಿಯಲ್ಲಿ ಸೋರಿದರೆ ೫ ಕಿಲೋವಾಟಿನಷ್ಟು ತಂಪು ಪಾರಿವಾಳಗಳ ಪಾಲಾಯಿತು. ಆದರೆ ಯಂತ್ರವು ಸಭಾಂಗಣದಿಂದ ಎಳೆದುಕೊಳ್ಳುತ್ತಿರುವುದು ೨ ಘನಮೀಟರ್, ಹಿಂದಕ್ಕೆ ಕೊಡುತ್ತಿರುವುದು ೧.೬. ಕೊರತೆಯಾದ ೦.೪ ಘನಮೀಟರನ್ನು ಸಭಾಂಗಣ ಎಲ್ಲಿಂದ ತುಂಬಿಕೊಳ್ಳಬೇಕು? ಬಾಗಿಲ ಸಂದಿ, ಕಿಟಕಿಯ ಸಂದಿಗಳಿಂದ ಹೊರಗಿನ ೪೦ ಡಿಗ್ರಿಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದು ಒಳಗೆ ತರುವ ಶಾಖ ಮತ್ತೆ ೬ ಕಿಲೋವಾಟಿಗೂ ಮಿಗಿಲು. ಎರಡೂ ಸೇರಿ ಹನ್ನೊಂದು ಕಿಲೋವಾಟ್ ದಾಟಿತು. ಐದರಲ್ಲೊಂದು ಪಾಲು ಸೋರಿಕೆಗೆ ಐದರಲ್ಲಿ ಎರಡು ಪಾಲಿಗೂ ಹೆಚ್ಚು ದಂಡ ತೆತ್ತಂತಾಯಿತು! ಒಂದು ಯೂನಿಟ್ ವಿದ್ಯುತ್ತಿನಿಂದ ಮೂರು ಯೂನಿಟ್ ಶಾಖವನ್ನು ಹೊರಹಾಕುವ ಯಂತ್ರವೆಂದು ಭಾವಿಸಿ ನೋಡಿದರೂ, ಎಂಟು ಗಂಟೆಗಳ ಮದುವೆಯೊಂದರಲ್ಲಿ ಸುಮಾರು ೩೦ ಯೂನಿಟ್ ವಿದ್ಯುತ್ತು ಹೀಗೆ ಹೋಯಿತು. ಹಳ್ಳಿಯ ಸಣ್ಣ ಮನೆಯೊಂದು ಹತ್ತು ದಿನ ದೀಪ, ಫ್ಯಾನು ನಡೆಸಬಹುದಾದಷ್ಟು.

ಗಾಳಿಯನ್ನು ಹಿಂದಕ್ಕೆ ತರುವ ನಾಳದ ಸೋರಿಕೆ ಇನ್ನೂ ಕಪಟವಾದುದು. ಅಲ್ಲಿ ಒತ್ತಡ ಹೊರಗಿನದಕ್ಕಿಂತ ಕಡಿಮೆ. ಆದ್ದರಿಂದ ಬಿರುಕು ಗಾಳಿಯನ್ನು ಉಗುಳುವುದಿಲ್ಲ, ಹೀರುತ್ತದೆ. ಕೈಯಿಟ್ಟರೆ ತಣ್ಣಗಾಗುವುದಿಲ್ಲವಾದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಬಿಸಿಲಿಗೆ ಕಾದ ತಾರಸಿಯ ಮೇಲಿನ ೫೦ ಡಿಗ್ರಿಯ ಗಾಳಿ ಹತ್ತರಲ್ಲೊಂದು ಪಾಲು ಬೆರೆತರೆ ಯಂತ್ರಕ್ಕೆ ಬರುವ ಗಾಳಿ ೨೬ರ ಬದಲು ೨೮.೪ ಡಿಗ್ರಿಯಾಗುತ್ತದೆ. ಅದನ್ನು ೧೪ಕ್ಕೆ ಇಳಿಸಲು ಐದರಲ್ಲೊಂದು ಪಾಲು ಹೆಚ್ಚು ಕೆಲಸ. ಆಸ್ಪತ್ರೆಯ ಶಸ್ತ್ರಕ್ರಿಯಾ ಕೊಠಡಿಯಲ್ಲಾದರೆ ಇದು ಹಣದ ಪ್ರಶ್ನೆಯಾಗಿ ಉಳಿಯುವುದೇ ಇಲ್ಲ. ಅಲ್ಲಿಗೆ ಶೋಧಿಸಿದ ಗಾಳಿಯನ್ನು ತುಸು ಹೆಚ್ಚಾಗಿ ಊದಿ, ಹೊರಗಿನ ಧೂಳೂ ರೋಗಾಣುಗಳೂ ಒಳಕ್ಕೆ ಬಾರದಂತೆ ಒತ್ತಡವನ್ನು ಕಾಯ್ದುಕೊಳ್ಳಬೇಕು. ಊದುವ ನಾಳ ಸೋರಿದರೆ ಆ ಒತ್ತಡ ಬೀಳುತ್ತದೆ. ಶೋಧಕದ ಆಚೆ, ಹೀರುವ ಭಾಗದಲ್ಲಿ ಬಿರುಕಿದ್ದರೆ ಶೋಧಿಸದ ಗಾಳಿ ನೇರವಾಗಿ ರೋಗಿಯ ಮೇಲೆ ಬರುತ್ತದೆ. ನಾಳವನ್ನು ಪರೀಕ್ಷಿಸದೆ ಕೊಠಡಿಗೆ ಬಣ್ಣ ಬಳಿದು ಉದ್ಘಾಟಿಸುವುದು ನಮಗೆ ಸರಿಯೆನಿಸುವುದಿಲ್ಲ.

ಇಲ್ಲೊಂದು ಮಾತು. ಈ ಐದು ತಾಲ್ಲೂಕುಗಳ ಬೇಸಗೆ ಒಣ ಬೇಸಗೆ. ೪೦ ಡಿಗ್ರಿಯ ಗಾಳಿಯಲ್ಲಿ ಸಾಪೇಕ್ಷ ಆರ್ದ್ರತೆ ಶೇಕಡ ೨೦ ಇದ್ದಾಗ ಒದ್ದೆ ಬುರುಡೆಯ ಉಷ್ಣತಾಮಾಪಕ ೨೩ ಡಿಗ್ರಿಯ ಸಮೀಪ ನಿಲ್ಲುತ್ತದೆ. ಆದ್ದರಿಂದ ನೀರಿನಿಂದ ತೊಯ್ದ ಚಾಪೆಯ ಮೂಲಕ ಗಾಳಿ ಹಾಯಿಸುವ ಸಾಧಾರಣ ಕೂಲರು ಇಲ್ಲಿ ೨೬–೨೭ ಡಿಗ್ರಿಯ ಗಾಳಿಯನ್ನು ಕೊಡಬಲ್ಲುದು; ಮಂಗಳೂರಿನ ತೇವದಲ್ಲಿ ಅದು ಬರಿಯ ಬೀಸಣಿಗೆ. ಕೂಲರಿಗೆ ಹಿಂಬರುವ ನಾಳವಿಲ್ಲ, ಕಿಟಕಿಗಳು ತೆರೆದೇ ಇರಬೇಕು; ಆದ್ದರಿಂದ ಅದರ ನಾಳ ಸೋರಿದರೆ ದಂಡ ಇಮ್ಮಡಿಯಾಗುವುದಿಲ್ಲ. ಕೊಟ್ಟೂರಿನ ಮದುವೆಗೆ ಬೆಂಗಳೂರಿನ ಯಂತ್ರವೇ ಬೇಕೆಂಬ ಹಟವನ್ನು ಬಿಟ್ಟರೆ ಒಳಿತೆಂದು ನಮ್ಮ ಅಭಿಪ್ರಾಯ.

ಸೋರಿಕೆಯನ್ನು ತಡೆಯುವುದು ಹೇಗೆ? ನಾವು ಕಂಡ ಮಂಟಪದಲ್ಲಿ ಹಿಂದೊಮ್ಮೆ ಕೂಡುಗಳಿಗೆ ಅಂಟುಪಟ್ಟಿ ಸುತ್ತಿದ್ದ ಗುರುತುಗಳಿದ್ದವು. ಬಿಸಿಲಿಗೆ ಅಂಟು ಒಣಗಿ, ಪಟ್ಟಿಗಳು ಬಾಳೆಯ ಒಣ ಸಿಪ್ಪೆಯಂತೆ ಸುರುಟಿಕೊಂಡು ತೂಗಾಡುತ್ತಿದ್ದವು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್‌ಲಿ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಶರ್ಮನ್ ಮತ್ತು ಇಯನ್ ವಾಕರ್ ಎಂಬವರು ನಾಳಗಳಿಗೆ ಬಳಸುವ ಅಂಟುಗಳನ್ನೆಲ್ಲ ಬಿಸಿ–ತಂಪುಗಳ ಆವರ್ತನೆಗೆ ಒಳಪಡಿಸಿ ಪರೀಕ್ಷಿಸಿ, ೧೯೯೮ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬೇಗನೆ ಸೋತು ಕೈಬಿಟ್ಟದ್ದು ಬಟ್ಟೆಯ ಬೆನ್ನಿನ ‘ಡಕ್ಟ್ ಟೇಪ್’. ನಾಳದ ಹೆಸರನ್ನೇ ಹೊತ್ತ ಪಟ್ಟಿ ನಾಳಕ್ಕೇ ಒದಗದೆ ಹೋಯಿತು! ಬಾಳಿಕೆ ಬರುವುದು ಮ್ಯಾಸ್ಟಿಕ್ ಎಂಬ ಮೆತ್ತನೆಯ ಲೇಪ. ಅದನ್ನು ಕುಂಚದಿಂದ ಕೂಡಿಗೆ ದಪ್ಪವಾಗಿ ಬಳಿದು, ಸಂದಿ ಅಗಲವಾಗಿದ್ದಲ್ಲಿ ನಡುವೆ ಗಾಜಿನೆಳೆಯ ಬಲೆಯನ್ನು ಹುದುಗಿಸಬೇಕು. ಹೊಸದಾಗಿ ಜೋಡಿಸುವಾಗಲೇ ತಗಡಿನ ಚಾಚುಗಳ ನಡುವೆ ರಬ್ಬರಿನ ಪಟ್ಟಿಯಿಟ್ಟು ಬೋಲ್ಟು ಬಿಗಿಯುವುದು ಎಲ್ಲಕ್ಕಿಂತ ಅಗ್ಗ. ಕೈಗೆಟುಕದ ನಾಳಗಳಿಗಾಗಿ ಅದೇ ಪ್ರಯೋಗಾಲಯದ ಮಾರ್ಕ್ ಮೊಡೇರಾ ೧೯೯೦ರ ದಶಕದಲ್ಲಿ ಚತುರ ಉಪಾಯವೊಂದನ್ನು ರೂಪಿಸಿದರು: ಎಲ್ಲ ಬಾಯಿಗಳನ್ನೂ ಮುಚ್ಚಿ, ಅಂಟಿನ ಸೂಕ್ಷ್ಮ ಕಣಗಳು ತೇಲುವ ಗಾಳಿಯನ್ನು ಒಳಗೆ ಊದುವುದು. ಗಾಳಿಗೆ ಹೊರಹೋಗಲು ಬಿರುಕುಗಳಲ್ಲದೆ ಬೇರೆ ದಾರಿಯಿಲ್ಲ. ಬಿರುಕಿನ ಬಳಿ ಗಾಳಿ ಥಟ್ಟನೆ ತಿರುಗುತ್ತದೆ. ಭಾರವಾದ ಕಣಗಳು ಅಷ್ಟು ಬೇಗ ತಿರುಗಲಾರದೆ ಅಂಚಿಗೆ ಬಡಿದು ಅಂಟಿಕೊಳ್ಳುತ್ತವೆ. ಸೋರಿಕೆಯೇ ತನ್ನ ಬಾಯನ್ನು ತಾನು ಮುಚ್ಚಿಕೊಳ್ಳುತ್ತದೆ.

ಇದೆಲ್ಲ ಅಮೆರಿಕದ ಮಾತಾಯಿತೆಂದು ವಾಚಕರು ಭಾವಿಸಬಾರದು. ಬಿಸಿಗಾಳಿಯ ನಾಳದ ಸೋರಿಕೆಯನ್ನು ಕುರಿತು ಕರ್ನಾಟಕದಲ್ಲಿಯೇ ಗಂಭೀರವಾದ ಕೆಲಸ ನಡೆದಿದೆ, ಅದೂ ಅಡುಗೆಮನೆಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ೧೯೭೪ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಆರಂಭವಾಯಿತು. ಅಲ್ಲಿ ಕೆ. ಎಸ್. ಜಗದೀಶ್, ಎಸ್. ಎಸ್. ಲೋಕ್ರಾಸ್ ಮೊದಲಾದವರು ರೂಪಿಸಿದ ಮೂರು ಪಾತ್ರೆಗಳ ಒಲೆಯೇ ಅಸ್ತ್ರ ಒಲೆ. ತೆರೆದ ಒಲೆಯಲ್ಲಿ ಸೌದೆಯ ಶಾಖದಲ್ಲಿ ಹತ್ತರಲ್ಲೊಂದು ಪಾಲಿನ ಆಸುಪಾಸು ಮಾತ್ರ ಪಾತ್ರೆಗೆ ಸೇರುತ್ತಿದ್ದರೆ, ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಈ ಒಲೆ ಹತ್ತರಲ್ಲಿ ನಾಲ್ಕು ಪಾಲಿನಷ್ಟನ್ನು ಮುಟ್ಟಿಸಿತು. ಒಲೆಯ ಬಾಯಿಗೆ ಮುಚ್ಚಳ, ಕೆಳಗೆ ಜಾಲರಿ, ಬಿಸಿ ಅನಿಲಗಳು ಮೂರು ಪಾತ್ರೆಗಳ ಕೆಳಗೂ ಹಾಯ್ದು ಹೊಗೆಕೊಳವೆಯನ್ನು ಸೇರುವ ದಾರಿ: ಈ ದಾರಿಯೆಂದರೆ ಗಾಳಿನಾಳವೇ.

ಈ ನಾಳವನ್ನು ನಡೆಸುವ ಬಲ ಎಷ್ಟು ಎಳೆಯದೆಂಬುದನ್ನು ನೋಡಿ. ೩ ಮೀಟರ್ ಎತ್ತರದ ಹೊಗೆಕೊಳವೆಯಲ್ಲಿ ೨೦೦ ಡಿಗ್ರಿಯ ಅನಿಲವಿದ್ದರೆ ಅದರ ಸೆಳೆತ ಸುಮಾರು ೧೨ ಪ್ಯಾಸ್ಕಲ್. ನೀರಿನ ಮಟ್ಟದಲ್ಲಿ ಒಂದು ಮಿಲಿಮೀಟರಿಗೆ ತುಸು ಹೆಚ್ಚು. ಇಂಥ ಸೆಳೆತಕ್ಕೆ ಪ್ರತಿಯೊಂದು ಸಂದಿಯೂ ಶತ್ರು. ಒಲೆಯ ಕುಣಿಗಿಂತ ಸಣ್ಣ ಪಾತ್ರೆಯಿಟ್ಟರೆ ಸುತ್ತಲಿನ ಸಂದಿಯಿಂದ ಅಡುಗೆಮನೆಯ ತಣ್ಣನೆಯ ಗಾಳಿ ಒಳನುಗ್ಗುತ್ತದೆ. ಅನಿಲ ತಣಿಯುತ್ತದೆ, ತಣಿದಷ್ಟೂ ಸೆಳೆತ ಕುಂದುತ್ತದೆ, ಜಾಲರಿಯ ಮೂಲಕ ಬೆಂಕಿಗೆ ಬರಬೇಕಾದ ಗಾಳಿ ಬಾರದೆ ಸೌದೆ ಹೊಗೆಯಾಡುತ್ತದೆ, ಕೊನೆಗೆ ಆ ಹೊಗೆ ಒಲೆಯ ಬಾಯಿಂದಲೇ ಹೊರಬಿದ್ದು ರೊಟ್ಟಿ ತಟ್ಟುವವರ ಕಣ್ಣಿಗೂ ಎದೆಗೂ ಹೋಗುತ್ತದೆ. ಜೋಳದ ದಂಟನ್ನೂ ಹತ್ತಿಕಟ್ಟಿಗೆಯನ್ನೂ ಬಳ್ಳಾರಿ ಜಾಲಿಯ ಕೊಂಬೆಯನ್ನೂ ಉರಿಸುವ ಮನೆಗಳಲ್ಲಿ ಆ ಹೊಗೆ ಎಂಥದೆಂಬುದು ತಿಳಿದವರಿಗೆ ತಿಳಿದಿದೆ. ೧೯೮೦ರ ದಶಕದಲ್ಲಿ ರಾಜ್ಯದ ಹಳ್ಳಿಗಳಲ್ಲಿ ಇಂಥ ಒಲೆಗಳನ್ನು ಹಾಕಿಸುವಾಗ ಅಳತೆಗೆ ಸರಿಯಾಗಿ ಕಟ್ಟಬಲ್ಲವರನ್ನು ತರಬೇತಿಗೊಳಿಸಬೇಕಾದುದು ಇದಕ್ಕಾಗಿಯೇ. ಅಜ್ಜಿಯರು ದಿನವೂ ಕೆಮ್ಮಣ್ಣು, ಸಗಣಿಗಳಿಂದ ಒಲೆಯನ್ನು ಸಾರಿಸುತ್ತಿದ್ದುದನ್ನು ನಾವು ಬರಿಯ ಮಡಿಯೆಂದು ತಿಳಿದಿದ್ದೆವು. ಬೆಂಕಿಯ ಕಾವಿಗೆ ಬಿಟ್ಟ ಬಿರುಕುಗಳೆಲ್ಲ ಅದರಿಂದ ಮುಚ್ಚಿಹೋಗುತ್ತಿದ್ದವು.

ಸೋರಿಕೆಯನ್ನು ಕಂಡುಹಿಡಿಯಲು ವಿದ್ಯಾರ್ಥಿಗಳಿಗೆ ಒಂದು ಊದುಬತ್ತಿ ಸಾಕು. ಶಾಲೆಯ ಸಮೀಪದ ಯಾವುದಾದರೂ ಕಟ್ಟಡದಲ್ಲಿ ಗಾಳಿನಾಳವಿದ್ದರೆ, ಒಡೆಯರ ಅಪ್ಪಣೆ ಪಡೆದು, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಫ್ಯಾನುಗಳನ್ನು ನಿಲ್ಲಿಸಿ, ಕೂಡುಗಳ ಬಳಿ ಹೊತ್ತಿಸಿದ ಊದುಬತ್ತಿಯನ್ನು ನಿಧಾನವಾಗಿ ಸರಿಸಿರಿ. ಹೊಗೆಯ ಎಳೆ ನೆಟ್ಟಗೆ ಮೇಲೇರಿದರೆ ಅಲ್ಲಿ ಬಿರುಕಿಲ್ಲ. ಹೊರಕ್ಕೆ ಚದುರಿದರೆ ಅದು ಊದುವ ನಾಳ. ಒಳಕ್ಕೆ ಬಾಗಿ ಮಾಯವಾದರೆ ಹೀರುವ ನಾಳ. ಅಲ್ಲಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡು ಬನ್ನಿ. ಬಿರುಕಿನ ಉದ್ದ, ಅಗಲಗಳನ್ನು ಅಳೆದರೆ ಮೇಲೆ ಹೇಳಿದ ಲೆಕ್ಕದಿಂದಲೇ ಸೆಕೆಂಡಿಗೆ ಎಷ್ಟು ಲೀಟರ್ ಹೋಗುತ್ತಿದೆಯೆಂದು ಹೇಳಬಹುದು. ಪಾರಿವಾಳಗಳು ಕುಳಿತಿರುವ ಕಡೆಯಿಂದ ಆರಂಭಿಸುವುದು ಮೇಲು.