ಏಳು ಶಿಖರ, ಒಂದು ಹಗಲು: ತಪ್ಪು ಕಲ್ಪನೆ ಮತ್ತು ಸತ್ಯ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿರುವ ವಾಷಿಂಗ್ಟನ್ ಶಿಖರದ ಎತ್ತರ 1,917 ಮೀಟರ್. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ವಾಷಿಂಗ್ಟನ್ ಶಿಖರ ಬಾಸ್ಟನ್‌ನಿಂದ ಕಾರಿನಲ್ಲಿ ಮೂರು ಗಂಟೆಯ ದಾರಿಯಾದ್ದರಿಂದ ಅಲ್ಲಿ ನೆಲೆಸಿರುವ ನಮ್ಮವರೂ ವಾರಾಂತ್ಯಕ್ಕೆ ಹೋಗಿಬರುತ್ತಾರೆ. ಈ ಶಿಖರವಿರುವ ಬೆಟ್ಟಸಾಲಿನಲ್ಲಿ ಅಮೆರಿಕದ ಅಧ್ಯಕ್ಷರ ಹೆಸರು ಹೊತ್ತ ಏಳು ಶಿಖರಗಳಿವೆ: ಮ್ಯಾಡಿಸನ್, ಆಡಮ್ಸ್, ಜೆಫರ್ಸನ್, ವಾಷಿಂಗ್ಟನ್, ಮನ್ರೋ, ಐಸೆನ್‌ಹೋವರ್, ಪಿಯರ್ಸ್. ಅಷ್ಟನ್ನೂ ಒಂದೇ ದಿನದಲ್ಲಿ, ಬೆಟ್ಟದ ಏಣಿನ ಮೇಲೆಯೇ ನಡೆದು ದಾಟುವ ಸವಾಲಿಗೆ ‘ಪ್ರೆಸಿಡೆನ್ಷಿಯಲ್ ಟ್ರಾವರ್ಸ್’ ಎಂದು ಹೆಸರು. ಇದು ಸ್ಪರ್ಧೆಯಲ್ಲ. ಹೆಸರು ಕೊಡುವ ಕಚೇರಿಯಿಲ್ಲ, ಪದಕವಿಲ್ಲ, ಸಮಯ ಬರೆದುಕೊಳ್ಳುವವರಿಲ್ಲ. ಹೋಗುವವರೇ ದಿನ ಗೊತ್ತುಮಾಡಿಕೊಂಡು, ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಹೇಳುವವರು ಕೇಳುವವರು ಇಲ್ಲದ ಕಾರಣಕ್ಕೇ ತಪ್ಪು ನಂಬಿಕೆಗಳೂ ಜೊತೆಗೆ ಬೆಟ್ಟ ಹತ್ತುತ್ತವೆ.

“ಎರಡು ಸಾವಿರ ಮೀಟರ್ ಕೂಡ ಇಲ್ಲ, ಇದೇನು ಮಹಾ?”

ಎತ್ತರವೊಂದನ್ನೇ ನೋಡಿ ಬೆಟ್ಟವನ್ನು ಅಳೆಯುವವರು ಕೇಳುವ ಮೊದಲ ಮಾತು ಇದು. ಮುಳ್ಳಯ್ಯನಗಿರಿ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ವಾಷಿಂಗ್ಟನ್ ಶಿಖರ ಇರುವುದು 44 ಡಿಗ್ರಿಯಲ್ಲಿ. ಅಲ್ಲಿ ಸುಮಾರು 1,400 ಮೀಟರ್ ದಾಟಿದರೆ ಮರಗಳೇ ನಿಲ್ಲುವುದಿಲ್ಲ. ಮೊಣಕಾಲೆತ್ತರದ ಕುರುಚಲು, ಆಮೇಲೆ ಬರೀ ಒಡೆದ ಬಂಡೆ. ಬಿರುಗಾಳಿಗಳು ಸಾಗುವ ಹಲವು ದಾರಿಗಳು ಈ ಪ್ರದೇಶದಲ್ಲಿ ಕೂಡುತ್ತವೆ. ಪಶ್ಚಿಮದಿಂದ ಬೀಸುವ ಗಾಳಿಗೆ ಬೆಟ್ಟಸಾಲು ಅಡ್ಡಲಾಗಿ ನಿಂತಿದೆ. ಮೇಲೇರಿದ ಗಾಳಿ ನೆತ್ತಿಯ ಮೇಲೆ ಒತ್ತಿಕೊಂಡು ಹಾಯುವಾಗ ಅದರ ವೇಗ ಇನ್ನೂ ಹೆಚ್ಚುತ್ತದೆ. 1934ರ ಏಪ್ರಿಲ್ 12ರಂದು ಶಿಖರದ ವೀಕ್ಷಣಾಲಯದವರು ಗಂಟೆಗೆ 372 ಕಿ.ಮೀ. ವೇಗದ ಗಾಳಿಯನ್ನು ಅಳೆದರು. 1996ರಲ್ಲಿ ಆಸ್ಟ್ರೇಲಿಯಾದ ಬ್ಯಾರೋ ದ್ವೀಪದಲ್ಲಿ ಚಂಡಮಾರುತವೊಂದರ ವೇಳೆ 408 ಕಿ.ಮೀ. ದಾಖಲಾಗುವವರೆಗೆ ಅದೇ ವಿಶ್ವದಾಖಲೆಯಾಗಿತ್ತು. ಈ ಶಿಖರದಲ್ಲಿ ಈವರೆಗೆ ಕಂಡ ಅತಿ ಹೆಚ್ಚಿನ ಉಷ್ಣತೆಯೇ 22 ಡಿಗ್ರಿ ಸೆಲ್ಸಿಯಸ್. ಜುಲೈನಲ್ಲೂ ಹಿಮ ಬಿದ್ದದ್ದಿದೆ. ಒಟ್ಟು ದಾರಿಯ ಹೆಚ್ಚುಕಡಿಮೆ ಅರ್ಧ ಭಾಗ ಹೀಗೆ ಮರದ ಮರೆಯಿಲ್ಲದ ಬಯಲಿನಲ್ಲೇ ಸಾಗುತ್ತದೆ.

“ನೀರು ಹೆಪ್ಪುಗಟ್ಟುವ ಚಳಿಯಿದ್ದರೆ ಮಾತ್ರ ಜೀವಕ್ಕೆ ಅಪಾಯ.”

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ. ದೇಹದ ಒಳಗಿನ ಉಷ್ಣತೆ 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿದರೆ ಅದು ಹೈಪೊಥರ್ಮಿಯಾ. ಅದಕ್ಕೆ ಹಿಮವೇ ಬೇಕಿಲ್ಲ. ಏಳೆಂಟು ಡಿಗ್ರಿಯ ಚಳಿ, ಜಿಟಿಜಿಟಿ ಮಳೆ, ಗಾಳಿ, ಹತ್ತು ಗಂಟೆ ನಡೆದು ದಣಿದ ಮೈ, ಬೆವರಿಗೆ ತೊಯ್ದ ಹತ್ತಿ ಬನಿಯನ್ನು, ಇಷ್ಟಾದರೆ ಸಾಕು. ಹತ್ತಿ ಬಟ್ಟೆ ಒದ್ದೆಯಾದ ಮೇಲೆ ಮೈಯ ಕಾವನ್ನು ಉಳಿಸುವ ಬದಲು ಹೀರಿಕೊಳ್ಳುತ್ತದೆ. ಮೊದಲು ಬೆರಳು ಮಾತು ಕೇಳುವುದಿಲ್ಲ, ಜಾಕೆಟ್ಟಿನ ಜಿಪ್ ಎಳೆಯಲು ಬರುವುದಿಲ್ಲ. ಆಮೇಲೆ ಕಾಲು ಎಡವುತ್ತದೆ, ಮಾತು ತೊದಲುತ್ತದೆ. ಕೇಳಿದರೆ “ಏನಿಲ್ಲ, ಚೆನ್ನಾಗಿದ್ದೀನಿ” ಎಂದೇ ಹೇಳುತ್ತಾರೆ, ಏಕೆಂದರೆ ಅಷ್ಟು ಹೊತ್ತಿಗೆ ಅವರ ವಿವೇಚನೆಯೇ ಮಂಕಾಗಿರುತ್ತದೆ. ನಡುಕ ನಿಂತಿತೆಂದರೆ ಚೇತರಿಸಿಕೊಂಡರು ಎಂದಲ್ಲ, ನಡುಗುವ ಶಕ್ತಿಯೂ ತೀರಿತು ಎಂದರ್ಥ. ಆಗ ಬ್ರಾಂದಿ ಕುಡಿಸುವುದು ಇನ್ನೊಂದು ತಪ್ಪು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಕಾವನ್ನು ಹೊರಗೆ ಚೆಲ್ಲುತ್ತದೆ. ಒದ್ದೆ ಬಟ್ಟೆ ತೆಗೆದು ಒಣಬಟ್ಟೆ ಹಾಕಬೇಕು, ಗಾಳಿಯಿಂದ ಮರೆ ಮಾಡಬೇಕು, ನುಂಗುವಷ್ಟು ಎಚ್ಚರವಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಬೇಕು.

1855ರ ಸೆಪ್ಟೆಂಬರಿನಲ್ಲಿ ಲಿಜ್ಜಿ ಬೋರ್ನ್ ಎಂಬ ಯುವತಿ ಚಿಕ್ಕಪ್ಪ ಮತ್ತು ಅವರ ಮಗಳ ಜೊತೆ ಮಧ್ಯಾಹ್ನ ಹೊರಟು ವಾಷಿಂಗ್ಟನ್ ಶಿಖರ ಹತ್ತತೊಡಗಿದಳು. ಗಾಳಿಯೂ ಮೋಡವೂ ಕವಿದು ಕತ್ತಲಾಯಿತು. ಮೂವರೂ ಕಲ್ಲುಗಳ ಮರೆಯಲ್ಲಿ ಕುಳಿತರು. ಆ ರಾತ್ರಿ ಆಕೆ ತೀರಿಕೊಂಡಳು. ಶಿಖರದ ಮೇಲಿನ ತಂಗುಮನೆ ಕೂಗಳತೆಯಲ್ಲೇ ಇತ್ತೆಂಬುದು ಉಳಿದವರಿಗೆ ತಿಳಿದದ್ದು ಬೆಳಗಾದ ಮೇಲೆ.

“ಒಟ್ಟು 37 ಕಿ.ಮೀ. ತಾನೆ, ಮ್ಯಾರಥಾನ್‌ಗಿಂತ ಕಡಿಮೆ.”

ದೂರ ಕಡಿಮೆ, ನಿಜ. ಆದರೆ ಏರು ಸುಮಾರು 2,700 ಮೀಟರ್. ಅಲ್ಲಿನ ಚಾರಣ ಕೈಪಿಡಿಗಳು ಪ್ರತಿ ಮೈಲಿಗೆ ಅರ್ಧ ಗಂಟೆ, ಪ್ರತಿ ಸಾವಿರ ಅಡಿ ಏರಿಗೆ ಇನ್ನರ್ಧ ಗಂಟೆ ಎಂದು ಲೆಕ್ಕ ಹಾಕುತ್ತವೆ. 23 ಮೈಲಿ, 9,000 ಅಡಿ: ಹದಿನಾರು ಗಂಟೆ. ಜೂನ್ ಕೊನೆಯಲ್ಲಿ ಅಲ್ಲಿ ಹಗಲು ಹದಿನೈದೂವರೆ ಗಂಟೆಯ ಆಸುಪಾಸು. ಊಟ, ವಿಶ್ರಾಂತಿ ಈ ಲೆಕ್ಕದಲ್ಲಿಲ್ಲ. ಅದಕ್ಕೇ ಅನುಭವಿಗಳು ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಹೊರಡುತ್ತಾರೆ. ಉತ್ತರದ ಮೂರು ಶಿಖರಗಳ ನಡುವೆ ಕಾಲುದಾರಿ ಎಂಬುದು ಬಹುಪಾಲು ಬಂಡೆಯಿಂದ ಬಂಡೆಗೆ ಕಾಲಿಡುವ ಕೆಲಸ. ಓಟದ ಅಭ್ಯಾಸ ಅಲ್ಲಿ ಅಷ್ಟಾಗಿ ನೆರವಿಗೆ ಬರುವುದಿಲ್ಲ.

“ಶಿಖರಕ್ಕೆ ರೈಲು, ರಸ್ತೆ, ಕ್ಯಾಂಟೀನ್ ಎಲ್ಲ ಇವೆಯಲ್ಲ!”

ಇವೆ. ರಸ್ತೆ 1861ರದು, ಹಲ್ಲುಗಾಲಿಯ ರೈಲು 1869ರದು. ಆದರೆ ಶಿಖರದ ಕಟ್ಟಡ ಸಾರ್ವಜನಿಕರಿಗೆ ತೆರೆಯುವುದು ಬೆಚ್ಚಗಿನ ತಿಂಗಳುಗಳಲ್ಲಿ, ಅದೂ ಹಗಲು ಮಾತ್ರ. ರಾತ್ರಿ ತಂಗಲು ಬಿಡುವುದಿಲ್ಲ. ಮ್ಯಾಡಿಸನ್ ಶಿಖರದ ಬಳಿಯ ತಂಗುಮನೆ ಬಿಟ್ಟರೆ ವಾಷಿಂಗ್ಟನ್‌ವರೆಗೆ ಏಣಿನ ಮೇಲೆ ಸೂರಿಲ್ಲ. ಹವೆ ಕೆಟ್ಟಾಗ “ಹತ್ತಿರದ ಕಣಿವೆಗೆ ಇಳಿದುಬಿಡೋಣ” ಎನ್ನುವವರು ಇಳಿಯುವುದು ಹಂಟಿಂಗ್ಟನ್‌ನಂಥ ಕಡಿದಾದ ಕೊರಕಲಿಗೆ.

“ಮೇಲೆ ಬರೀ ಕಲ್ಲು, ಎಲ್ಲಿ ಕಾಲಿಟ್ಟರೇನು?”

ಹಳದಿ ಹೂ ಬಿಡುವ ರಾಬಿನ್ಸ್ ಸಿಂಕ್‌ಫಾಯಿಲ್ ಎಂಬ ಪುಟ್ಟ ಗಿಡ ಜಗತ್ತಿನಲ್ಲಿ ಸಹಜವಾಗಿ ಬೆಳೆಯುವುದು ಈ ಶಿಖರಗಳಿರುವ ವೈಟ್ ಮೌಂಟನ್ಸ್ ಬೆಟ್ಟಗಳಲ್ಲಿ ಮಾತ್ರ. ಮುಖ್ಯ ನೆಲೆ ಮನ್ರೋ ಶಿಖರದ ಪಕ್ಕ. ಚಾರಣಿಗರ ತುಳಿತಕ್ಕೆ ನಾಶವಾಗುತ್ತಿದ್ದುದರಿಂದ 1983ರಲ್ಲಿ ಕಾಲುದಾರಿಯನ್ನೇ ಬೇರೆಡೆ ತಿರುಗಿಸಿದರು. ಗಿಡ ಚೇತರಿಸಿಕೊಂಡಿತು, 2002ರಲ್ಲಿ ಅಳಿವಿನಂಚಿನ ಸಸ್ಯಗಳ ಪಟ್ಟಿಯಿಂದ ಹೊರಬಂತು. ದಾರಿ ಬಿಟ್ಟು ನಡೆಯಬೇಡಿ.

“ಏನಾದರೂ ಆದರೆ ಹೆಲಿಕಾಪ್ಟರ್ ಬರುತ್ತದೆ.”

ಮೋಡ, ಬಿರುಗಾಳಿಯಲ್ಲಿ ಹೆಲಿಕಾಪ್ಟರ್ ಹಾರುವುದಿಲ್ಲ, ಅಪಘಾತಗಳು ಅಂಥ ಹವೆಯಲ್ಲೂ ಆಗುತ್ತವೆ. ಸ್ವಯಂಸೇವಕರು ನಡೆದು ಬಂದು, ಸರದಿಯ ಮೇಲೆ ಸ್ಟ್ರೆಚರ್ ಹೊತ್ತು, ಗಂಟೆಗಟ್ಟಲೆ ಬಂಡೆಗಳ ಮೇಲೆ ಇಳಿಸಬೇಕು. ನಿರ್ಲಕ್ಷ್ಯ ಮಾಡಿದವರಿಂದ ರಕ್ಷಣೆಯ ಖರ್ಚು ವಸೂಲು ಮಾಡಲು ಆ ರಾಜ್ಯದ ಕಾನೂನಿನಲ್ಲಿ ಅವಕಾಶವಿದೆ.

ನಿಮ್ಮವರು ಯಾರಾದರೂ ಈ ಸವಾಲಿಗೆ ಹೊರಟಿದ್ದರೆ ಇಷ್ಟು ಹೇಳಿ: ಕಣಿವೆಯ ಊರಿನ ಹವಾಮಾನ ನೋಡಿ ಹೊರಡಬೇಡಿ. ಎತ್ತರದ ಶಿಖರಗಳಿಗೆಂದೇ ವಾಷಿಂಗ್ಟನ್ ವೀಕ್ಷಣಾಲಯ ದಿನವೂ ಪ್ರತ್ಯೇಕ ಮುನ್ಸೂಚನೆ ಕೊಡುತ್ತದೆ, ಅದನ್ನು ಓದಿ. ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂಬುದನ್ನು ಮನೆಯಲ್ಲೇ ಬರೆದು ಒಂದು ಪ್ರತಿ ಮನೆಯವರ ಕೈಗೆ ಕೊಡಿ. ಮ್ಯಾಡಿಸನ್ ತಂಗುಮನೆ ತಲುಪಿದಾಗ ಗಾಳಿ ಮೈಯನ್ನು ನೂಕುತ್ತಿದ್ದರೆ, ಬಂದ ದಾರಿಯಲ್ಲೇ ಇಳಿಯಿರಿ.